ಮನೆಯ ಪೆಟ್ಟಿಗೆಯಿಂದ ಕಾಲೇಜಿನ ಕಪಾಟಿಗೆ

‘ಕಡತ’ ಎಂಬ ಮಾತು ಇಂದು ಸರ್ಕಾರಿ ಕಚೇರಿಯ ಫೈಲಿಗೆ ಪರ್ಯಾಯವಾಗಿ ಬಳಕೆಯಲ್ಲಿದೆ. ಮೂಲದಲ್ಲಿ ಅದು ಕಚೇರಿಗೆ ಮಾತ್ರ ಸೇರಿದ ವಸ್ತುವಾಗಿರಲಿಲ್ಲ. ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಕಂದಾಯದ ಲೆಕ್ಕ, ಮಠದ ಆದಾಯ ವೆಚ್ಚ, ವರ್ತಕರ ಲೇವಾದೇವಿ ಎಲ್ಲವೂ ಅದರಲ್ಲಿ ದಾಖಲಾಗುತ್ತಿದ್ದವು. ಮನೆಯ ಕಾಗದ ಮತ್ತು ಕಚೇರಿಯ ಕಾಗದದ ನಡುವಿನ ಗೆರೆ ಆಗ ತೆಳುವಾಗಿತ್ತು. ಇಂದು ಕಚೇರಿಯ ಕಡತಕ್ಕೆ ಪತ್ರಾಗಾರ ಇಲಾಖೆಯಿದೆ, ಕಾಯ್ದೆಯಿದೆ. ಮನೆಯ ಕಾಗದಕ್ಕೆ ಟ್ರಂಕು ಪೆಟ್ಟಿಗೆಯೇ ಗತಿ. ಮನೆ ಬದಲಾದಾಗ, ಆಸ್ತಿ ಪಾಲಾದಾಗ, ಹಿರಿಯರು ತೀರಿಕೊಂಡಾಗ ಆ ಪೆಟ್ಟಿಗೆಯೂ ಬರಿದಾಗುತ್ತದೆ.

ಈ ನಷ್ಟದ ಪ್ರಮಾಣವನ್ನು ಅರಿಯಲು ಬೆಂಗಳೂರಿನ ವಾಯವ್ಯ ಅಂಚಿನ ಟಿ. ದಾಸರಹಳ್ಳಿಯಂಥ ಊರನ್ನು ನೋಡಬೇಕು. ತುಮಕೂರು ರಸ್ತೆಯ ಈ ಹಳ್ಳಿಯ ಒಂದು ಬದಿಗೆ ಜಾಲಹಳ್ಳಿ, ಇನ್ನೊಂದು ಬದಿಗೆ ಪೀಣ್ಯ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, ಅದರ ಬೆನ್ನಿಗೇ ಬಿಇಎಲ್ ತಲೆಯೆತ್ತಿದವು. ಪೀಣ್ಯದಲ್ಲಿ 1970ರ ದಶಕದಿಂದ ಸಣ್ಣ ಕೈಗಾರಿಕೆಗಳ ಶೆಡ್ಡುಗಳು ಸಾಲುಗಟ್ಟಿದವು. ಹಾಸನ, ಮಂಡ್ಯ, ತುಮಕೂರುಗಳಿಂದ, ಉತ್ತರ ಕರ್ನಾಟಕದಿಂದ, ನೆರೆ ರಾಜ್ಯಗಳಿಂದ ಬಂದವರು ಸುತ್ತಲ ಹಳ್ಳಿಗಳಲ್ಲಿ ಬಾಡಿಗೆ ಮನೆ ಹಿಡಿದರು; ಕೆಲವರು ನಿವೇಶನ ಕೊಂಡು ನೆಲೆನಿಂತರು. ನಗರಸಭೆಯಾಗಿದ್ದ ದಾಸರಹಳ್ಳಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. 2025ರಲ್ಲಿ ಆ ಪಾಲಿಕೆಯೇ ಹಲವು ಪಾಲಿಕೆಗಳಾಗಿ ಒಡೆಯಿತು. ಆಡಳಿತ ಬದಲಾದಂತೆ ಕಚೇರಿಯ ದಾಖಲೆಗಳೂ ಕೈಯಿಂದ ಕೈಗೆ ಸಾಗುತ್ತವೆ. ಆದರೆ ಒಂದೇ ಮನೆಯ ಪೆಟ್ಟಿಗೆಯಲ್ಲಿ ಪಂಚಾಯಿತಿಯ, ನಗರಸಭೆಯ, ಮಹಾನಗರ ಪಾಲಿಕೆಯ ಕಂದಾಯ ರಸೀದಿಗಳು ಒಟ್ಟಿಗೆ ಇದ್ದರೆ, ಹಳ್ಳಿಯೊಂದು ನಗರವಾದ ಕಥೆಯನ್ನು ಆ ಮೂರು ಚೀಟಿಗಳೇ ಹೇಳಬಲ್ಲವು.

ಈ ಸೀಮೆಯ ಇತಿಹಾಸ ಪೂರ್ತಿ ಮರೆಯಾಗಿದೆ ಎನ್ನಲಾಗದು. ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಯು.ಆರ್. ರಾವ್ ಅವರ ನೇತೃತ್ವದಲ್ಲಿ ರೂಪುಗೊಂಡ ಆ ಉಪಗ್ರಹ 1975ರ ಏಪ್ರಿಲ್ 19ರಂದು ಅಂದಿನ ಸೋವಿಯತ್ ಒಕ್ಕೂಟದ ನೆಲದಿಂದ ಕಕ್ಷೆಗೆ ಏರಿತು. ಎಚ್‌ಎಂಟಿಯ ಕೈಗಡಿಯಾರಗಳ ತಯಾರಿಕೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಆರಂಭವಾಯಿತು. 2016ರಲ್ಲಿ ಗಡಿಯಾರ ವಿಭಾಗ ಮುಚ್ಚಿಹೋದರೂ 2019ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಪರಂಪರೆಯ ವಸ್ತುಸಂಗ್ರಹಾಲಯ ತೆರೆಯಿತು. ಯಂತ್ರಗಳೂ ಗಡಿಯಾರಗಳೂ ಅಲ್ಲಿ ನೋಡಸಿಗುತ್ತವೆ. ಸಾರ್ವಜನಿಕ ಉದ್ಯಮಗಳ ಆಡಳಿತ ದಾಖಲೆಗಳು 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯ ವ್ಯಾಪ್ತಿಗೂ ಬರುತ್ತವೆ. ಆದರೆ ಆ ಗಡಿಯಾರಗಳನ್ನು ಜೋಡಿಸಿದವರ ಮನೆಯ ಕಾಗದಗಳು ಯಾವ ಕಾಯ್ದೆಗೂ ಸೇರಿದವಲ್ಲ.

ಇದರಿಂದ ಆಗುವ ಕೊರತೆ ಎಂಥದು? ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 1980ರ ಡಿಸೆಂಬರ್‌ನಲ್ಲಿ ಆರಂಭಿಸಿದ ಮುಷ್ಕರ 77 ದಿನ ನಡೆಯಿತು. ಅಂಥ ಮುಷ್ಕರದಿಂದ ಎಷ್ಟು ನಷ್ಟವಾಯಿತು ಎಂಬುದನ್ನು ಆಡಳಿತ ವರ್ಗದ ವರದಿಗಳು ಹೇಳುತ್ತವೆ; ಬೇಡಿಕೆಗಳೇನು ಎಂಬುದನ್ನು ಕಾರ್ಮಿಕ ಸಂಘಗಳ ಕರಪತ್ರಗಳು ಹೇಳುತ್ತವೆ. ಎರಡೂವರೆ ತಿಂಗಳು ಸಂಬಳವಿಲ್ಲದೆ ಮನೆ ಹೇಗೆ ನಡೆಯಿತು, ಯಾವ ಒಡವೆ ಅಡವಿಗೆ ಹೋಯಿತು, ಊರಿನಿಂದ ರಾಗಿ ಬಂತೇ, ಮಗಳ ಮದುವೆ ಮುಂದಕ್ಕೆ ಹೋಯಿತೇ ಎಂಬುದು ಈ ಎರಡರಲ್ಲೂ ಸಿಗುವುದಿಲ್ಲ. ಅದು ಸಿಗುವುದಾದರೆ ಗೃಹಿಣಿ ಬರೆದಿಟ್ಟ ದಿನಸಿ ಲೆಕ್ಕದಲ್ಲಿ, ಗಿರವಿ ಅಂಗಡಿಯ ಚೀಟಿಯಲ್ಲಿ, ಊರಿನ ತಂದೆಗೆ ಬರೆದ ನೀಲಿ ಇನ್‌ಲ್ಯಾಂಡ್ ಪತ್ರದಲ್ಲಿ.

ಕುಟುಂಬದ ಕಾಗದಗಳೆಂದರೆ ಕೇವಲ ಭಾವುಕತೆಯ ವಸ್ತುವಲ್ಲ. ಮದುವೆಯ ಮುಯ್ಯಿ ಪುಸ್ತಕವನ್ನೇ ನೋಡಿ: ಯಾರು, ಯಾವ ಊರಿನವರು, ಎಷ್ಟು ಕೊಟ್ಟರು ಎಂಬ ಸಾಲುಗಳಲ್ಲಿ ಒಂದು ಮನೆತನದ ನೆಂಟಸ್ತಿಕೆ, ಸಾಲ ಸಂಬಂಧ, ಅಂದಿನ ಹಣದ ಬೆಲೆ ಮೂರೂ ಇವೆ. ನಗರದಲ್ಲಿ ನಡೆದ ಮದುವೆಯ ಪುಸ್ತಕದಲ್ಲಿ ಊರಿನ ನೆಂಟರ ಪಕ್ಕದಲ್ಲೇ ಕಾರ್ಖಾನೆಯ ಸಹೋದ್ಯೋಗಿಗಳ ಹೆಸರೂ ಕಂಡರೆ, ವಲಸೆ ಬಂದವರಿಗೆ ಹೊಸ ಬಂಧುಬಳಗ ಹುಟ್ಟಿದ ಬಗೆ ತಿಳಿಯುತ್ತದೆ. ಪತ್ರಗಳ ಒಕ್ಕಣೆಯೂ ಸಾಕ್ಷಿಯೇ. ‘ತೀರ್ಥರೂಪರ ಸನ್ನಿಧಿಗೆ’ ಎಂದು ಆರಂಭವಾಗಿ ‘ಉಭಯಕುಶಲೋಪರಿ’ ಎಂದು ಮುಂದುವರಿಯುತ್ತಿದ್ದ ಶೈಲಿ ಯಾವ ಹೊತ್ತಿಗೆ ಸಡಿಲವಾಯಿತು, ಗಂಡನ ಪತ್ರದ ಅಂಚಿನಲ್ಲಿ ಎರಡು ಸಾಲು ಸೇರಿಸುತ್ತಿದ್ದ ಹೆಂಡತಿ ಯಾವಾಗ ತಾನೇ ಪತ್ರ ಬರೆಯತೊಡಗಿದಳು ಎಂಬುದು ಭಾಷೆಯ ಇತಿಹಾಸವೂ ಹೌದು, ಸ್ತ್ರೀಶಿಕ್ಷಣದ ಇತಿಹಾಸವೂ ಹೌದು.

ದೊಡ್ಡವರ ಕಾಗದಗಳಿಗೆ ಹೇಗೋ ಒಂದು ನೆಲೆ ಸಿಗುತ್ತದೆ, ಆದರೆ ಅದು ನಮ್ಮ ಊರೇ ಆಗಿರಬೇಕೆಂದಿಲ್ಲ. ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯ ಮತ್ತು ಸರ್ ಮಿರ್ಜಾ ಇಸ್ಮಾಯಿಲ್ ಅವರ ಖಾಸಗಿ ಪತ್ರಗಳನ್ನು ಅಭ್ಯಸಿಸಲು ಸಂಶೋಧಕರು ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದ ಬಾಗಿಲು ತಟ್ಟಬೇಕಾಯಿತು. 2023ರಿಂದ ಅದು ಪ್ರಧಾನ ಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಎಂಬ ಹೆಸರಿನಲ್ಲಿದೆ. ಮಲಯಾಳಂ ನಿಘಂಟುಕಾರ ಹರ್ಮನ್ ಗುಂಡರ್ಟ್ ಸಂಗ್ರಹಿಸಿದ್ದ ಕಾಗದಪತ್ರಗಳು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಉಳಿದು, 2018ರಲ್ಲಿ ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ತೆರೆದುಕೊಂಡವು. ಅವುಗಳ ನಡುವೆ ಕನ್ನಡದ ಹಳೆಯ ಮುದ್ರಣಗಳೂ ಇವೆ. ಕಾಪಾಡಿದವರಿಗೆ ನಾವು ಋಣಿಗಳು. ಆದರೂ ನಮ್ಮ ನೆಲದ ಬದುಕಿನ ಸಾಕ್ಷ್ಯಕ್ಕೆ ನಮ್ಮ ನೆಲದಲ್ಲಿ ಕಪಾಟು ಇರಲಿಲ್ಲ ಎಂಬುದು ಯೋಚಿಸತಕ್ಕ ಸಂಗತಿ.

ಕಪಾಟು ಒದಗಿಸಿದ ಕಾಲೇಜುಗಳೂ ನಮ್ಮಲ್ಲಿವೆ. ಬೆಂಗಳೂರಿನಲ್ಲಿ 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಷನ್ ಸಂಸ್ಥೆಗಳ, ಚರ್ಚುಗಳ ದಾಖಲೆಗಳ ಜೊತೆಗೆ ವ್ಯಕ್ತಿಗಳ ಖಾಸಗಿ ಕಾಗದಗಳೂ ಇವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಬಾಸೆಲ್ ಮಿಷನ್ನಿನ ದಾಖಲೆಗಳನ್ನು ಕಾಪಾಡಿಕೊಂಡು ಬಂದಿದೆ. ಕನ್ನಡದ ಮೊದಲ ಪತ್ರಿಕೆಯೂ ಕಿಟೆಲ್ ನಿಘಂಟೂ ಹೊರಬಂದ ಪರಂಪರೆಯನ್ನು ಅರಿಯಬೇಕೆನ್ನುವವರು ಆ ಸಂಗ್ರಹವನ್ನು ಕಡೆಗಣಿಸುವಂತಿಲ್ಲ.

ಇತ್ತೀಚಿನ ಉದಾಹರಣೆಯೆಂದರೆ ಉತ್ತರ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಪತ್ರಾಗಾರ. ಎನ್‌ಸಿಬಿಎಸ್ ಎಂದೇ ಪರಿಚಿತವಾದ ಆ ಸಂಸ್ಥೆ 2019ರಲ್ಲಿ ತನ್ನ ಪತ್ರಾಗಾರವನ್ನು ಸಾರ್ವಜನಿಕರಿಗೆ ತೆರೆಯಿತು. ಸಂಸ್ಥೆಯ ಸ್ಥಾಪಕ ಓಬೈದ್ ಸಿದ್ದಿಕಿ, ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಮೊದಲಾದವರ ಕಾಗದಗಳು ಅಲ್ಲಿವೆ. ಪ್ರಕಟಿತ ಪ್ರಬಂಧದಲ್ಲಿ ವಿಜ್ಞಾನದ ಗೆಲುವು ಮಾತ್ರ ಕಾಣುತ್ತದೆ. ಪ್ರಯೋಗಾಲಯದ ಟಿಪ್ಪಣಿ ಪುಸ್ತಕದಲ್ಲಿ, ಗೆಳೆಯರಿಗೆ ಬರೆದ ಪತ್ರದಲ್ಲಿ ಅದರ ಸೋಲು, ಸಂಶಯ, ಜಗಳಗಳೂ ಕಾಣುತ್ತವೆ. ಪ್ರತಿಯೊಂದು ಸಂಗ್ರಹಕ್ಕೂ ಸೂಚಿ ಸಿದ್ಧಪಡಿಸಿ ಅಂತರಜಾಲದಲ್ಲಿ ಒದಗಿಸಿರುವುದರಿಂದ ಅಲ್ಲಿ ಏನಿದೆ ಎಂಬುದನ್ನು ಯಾರು ಬೇಕಾದರೂ ತಿಳಿಯಬಹುದು.

ಪತ್ರಾಗಾರದ ಕೆಲಸ ಗ್ರಂಥಾಲಯದ ಕೆಲಸಕ್ಕಿಂತ ಭಿನ್ನ. ಗ್ರಂಥಾಲಯ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುತ್ತದೆ. ಪತ್ರಾಗಾರ ಒಂದು ಕುಟುಂಬದ ಕಾಗದಗಳನ್ನು ಇನ್ನೊಂದರೊಡನೆ ಬೆರೆಸುವುದಿಲ್ಲ; ಮನೆಯವರು ಇಟ್ಟ ಕ್ರಮವನ್ನೂ ಆದಷ್ಟು ಕಲಕುವುದಿಲ್ಲ. ಪಡಿತರ ಚೀಟಿಯ ಜೊತೆಗೇ ಮಗುವಿನ ಜಾತಕ ಇದ್ದರೆ ಆ ಜೋಡಣೆಗೂ ಅರ್ಥವಿರಬಹುದು ಎಂಬ ಎಚ್ಚರ ಅಲ್ಲಿರುತ್ತದೆ. ತುಕ್ಕು ಹಿಡಿದ ಗುಂಡುಸೂಜಿಗಳನ್ನು ತೆಗೆದು, ಆಮ್ಲರಹಿತ ಕಾಗದದ ಹೊದಿಕೆಯಲ್ಲಿಟ್ಟು, ಪ್ರತಿ ಕಟ್ಟಿಗೂ ವಿವರ ಬರೆದ ಮೇಲೆಯೇ ಅದು ಓದುಗರ ಮೇಜಿಗೆ ಬರುತ್ತದೆ.

ಇಲ್ಲಿ ಏಳುವ ಮೊದಲ ಆಕ್ಷೇಪ ಖಾಸಗಿತನದ್ದು. ಮನೆಯ ಮಾತು ಮನೆಯಲ್ಲೇ ಇರಲಿ ಎನ್ನುವವರ ಅಳುಕು ನ್ಯಾಯವಾದದ್ದೇ. ಪತ್ರದಲ್ಲಿ ಬರೆದವರು, ಪಡೆದವರು ಮಾತ್ರ ಇರುವುದಿಲ್ಲ. ಮೂರನೆಯವರ ಕಾಯಿಲೆ, ಸಾಲ, ಮುರಿದ ಮದುವೆಗಳೂ ಇರುತ್ತವೆ. ಪತ್ರದ ಹಾಳೆ ಪಡೆದವರ ಬಳಿಯಿದ್ದರೂ ಅದರ ಬರಹದ ಹಕ್ಕು ಬರೆದವರಿಗೆ, ಅವರ ತರುವಾಯ ವಾರಸುದಾರರಿಗೆ ಸೇರಿದ್ದು. ಆದ್ದರಿಂದಲೇ ಒಳ್ಳೆಯ ಪತ್ರಾಗಾರ ಬಾಯಿಮಾತಿನ ಮೇಲೆ ಕಾಗದ ಪಡೆಯುವುದಿಲ್ಲ. ದಾನವೇ ಅಥವಾ ಇರಿಸಿಕೊಳ್ಳಲು ಕೊಟ್ಟದ್ದೇ, ಯಾವ ಭಾಗವನ್ನು ಎಷ್ಟು ವರ್ಷ ಮುಚ್ಚಿಡಬೇಕು, ಪ್ರಕಟಣೆಗೆ ಯಾರ ಒಪ್ಪಿಗೆ ಬೇಕು ಎಂಬುದನ್ನೆಲ್ಲ ಲಿಖಿತ ಕರಾರಿನಲ್ಲಿ ಹೇಳಿಕೊಳ್ಳುತ್ತದೆ. ಗುಟ್ಟು ಕಾಯುವ ದೃಷ್ಟಿಯಿಂದಲೂ ಕರಾರಿಗೆ ಒಳಪಟ್ಟು ಬೀಗ ಹಾಕಿದ ಕಪಾಟು ರದ್ದಿ ಅಂಗಡಿಯ ತಕ್ಕಡಿಗಿಂತ ಮೇಲು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಎನ್‌ಸಿಬಿಎಸ್‌ನಂಥ ಸಂಶೋಧನಾ ಸಂಸ್ಥೆಗೆ ಇರುವ ಅನುದಾನ, ಪರಿಣತರು ಸಾಮಾನ್ಯ ಪದವಿ ಕಾಲೇಜಿಗೆ ಎಲ್ಲಿಂದ ಬರಬೇಕು? ಪ್ರಾಂಶುಪಾಲರು ವರ್ಗವಾಗುತ್ತಾರೆ, ಆಸಕ್ತ ಅಧ್ಯಾಪಕರು ನಿವೃತ್ತರಾಗುತ್ತಾರೆ, ಸಂಗ್ರಹದ ಕೊಠಡಿ ಉತ್ತರಪತ್ರಿಕೆಗಳ ಉಗ್ರಾಣವಾಗುತ್ತದೆ. ಈ ಭಯ ನಿಜವಾದದ್ದು. ಕೊಠಡಿ, ವಾರ್ಷಿಕ ವೆಚ್ಚ, ಹೊಣೆಗಾರ ಸಿಬ್ಬಂದಿ ಈ ಮೂರನ್ನೂ ಆಡಳಿತ ಮಂಡಳಿಯ ನಿರ್ಣಯದ ಮೂಲಕ ಖಚಿತಪಡಿಸಲಾಗದ ಕಾಲೇಜು ಯಾರ ಮೂಲ ಕಾಗದವನ್ನೂ ಸ್ವೀಕರಿಸಬಾರದು. ಅಂಥ ಕಾಲೇಜು ಕಾಗದಗಳ ಡಿಜಿಟಲ್ ಪ್ರತಿ ತೆಗೆದು, ವಿವರ ದಾಖಲಿಸಿ, ಮೂಲವನ್ನು ಮನೆಗೇ ಮರಳಿಸಲಿ. ಹಾಗೆಂದು ಸ್ಕ್ಯಾನ್ ಮಾಡಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವುದೂ ತಪ್ಪು. ಹಾರ್ಡ್ ಡಿಸ್ಕ್ ಕೆಡುತ್ತದೆ, ತಂತ್ರಾಂಶ ಹಳತಾಗುತ್ತದೆ. ಪ್ರತಿಗಳು ಎರಡು ಮೂರು ಕಡೆ ಇರಬೇಕು, ಕಾಲಕಾಲಕ್ಕೆ ತೆರೆದು ಪರಿಶೀಲಿಸಬೇಕು.

ಸಾಮಾನ್ಯರ ದಾಖಲೆಗೂ ನೆಲೆ ಕಲ್ಪಿಸಬಹುದು ಎಂಬುದಕ್ಕೆ ದೇಶದಲ್ಲಿ ಮಾದರಿಗಳಿವೆ. ಲೇಖಕಿ ಅಂಬೈ ಮತ್ತು ಗೆಳತಿಯರು ಮುಂಬೈಯಲ್ಲಿ 1988ರಲ್ಲಿ ಆರಂಭಿಸಿದ ‘ಸ್ಪ್ಯಾರೋ’ ಸಂಸ್ಥೆ ಮಹಿಳೆಯರ ಬದುಕನ್ನು ಧ್ವನಿ, ಚಿತ್ರ, ಬರಹಗಳಲ್ಲಿ ಕಾಪಿಡುತ್ತ ಬಂದಿದೆ. ನೋಯ್ಡಾದ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಕಾರ್ಮಿಕ ಇತಿಹಾಸಕಾರರ ಸಂಘದೊಡನೆ 1998ರಲ್ಲಿ ಭಾರತೀಯ ಕಾರ್ಮಿಕರ ಡಿಜಿಟಲ್ ಪತ್ರಾಗಾರವನ್ನು ಆರಂಭಿಸಿತು. ದಾಸರಹಳ್ಳಿ–ಪೀಣ್ಯ ಸೀಮೆಯ ಕಾಲೇಜುಗಳು ಇಷ್ಟು ದೊಡ್ಡ ಹೆಜ್ಜೆಯನ್ನೇ ಇಡಬೇಕಿಲ್ಲ. ಇತಿಹಾಸ ಮತ್ತು ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ತಮ್ಮ ಬೀದಿಯ ಹತ್ತು ಮನೆಗಳ ಕಾಗದಗಳಿಗೆ ಸೂಚಿ ಸಿದ್ಧಪಡಿಸಲಿ. ಲೇತ್ ಯಂತ್ರವೊಂದರಿಂದ ವರ್ಕ್‌ಶಾಪ್ ಆರಂಭಿಸಿದವರ ಮೊದಲ ಬಿಲ್ಲು ಪುಸ್ತಕ, ಬ್ಯಾಂಕ್ ಸಾಲದ ಪತ್ರ, ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಮಹಿಳೆಯ ವೇತನ ಚೀಟಿ, ನೆರೆಹೊರೆಯವರ ಚೀಟಿ ಲೆಕ್ಕ ಇವೆಲ್ಲವೂ ಆ ಪಟ್ಟಿಗೆ ಬರಲಿ. ಪಠ್ಯಪುಸ್ತಕದಲ್ಲಿ ಓದುವ ಕೈಗಾರಿಕೀಕರಣ ತಮ್ಮ ಮನೆಯ ಅಟ್ಟದಲ್ಲೂ ಇದೆ ಎಂಬುದು ಅವರಿಗೆ ತಿಳಿಯುವುದೇ ಶಿಕ್ಷಣ.

ಮನೆಯವರೂ ಮಾಡಬಹುದಾದದ್ದಿದೆ. ಹರಿದ ಕಾಗದಕ್ಕೆ ಸೆಲ್ಲೋಟೇಪ್ ಅಂಟಿಸಬಾರದು, ಲ್ಯಾಮಿನೇಟ್ ಮಾಡಿಸಬಾರದು. ಎರಡೂ ಕಾಲಕ್ರಮದಲ್ಲಿ ಕಾಗದವನ್ನೇ ಕೆಡಿಸುತ್ತವೆ. ಫೋಟೋದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಅದರಲ್ಲಿರುವವರ ಹೆಸರು, ಊರು, ವರ್ಷ ಬರೆಯಬೇಕು. ಅಣ್ಣತಮ್ಮಂದಿರು ಮನೆ ಹಂಚಿಕೊಳ್ಳುವಾಗ ಕಾಗದದ ಕಟ್ಟನ್ನು ಹಂಚದೆ ಒಬ್ಬರ ಬಳಿ ಒಟ್ಟಿಗೆ ಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಯ್ಯಿ ಪುಸ್ತಕದ ಹೆಸರುಗಳು ಯಾರವೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಈ ಕೆಲಸವನ್ನು ಮುಂದೂಡುವಂತಿಲ್ಲ. 1975ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಪೀಣ್ಯಕ್ಕೆ ಬಂದವರಿಗೆ ಇಂದು ಎಪ್ಪತ್ತೈದು ದಾಟಿದೆ. ಅವರು ಕಟ್ಟಿದ ಶೀಟಿನ ಮನೆಗಳನ್ನು ಕೆಡವಿ ಮಕ್ಕಳು ಮಹಡಿ ಮೇಲೆ ಮಹಡಿ ಕಟ್ಟುತ್ತಿದ್ದಾರೆ. ಕೆಡವುವ ಮುನ್ನ ಅಟ್ಟ ಖಾಲಿಯಾಗುತ್ತದೆ. ದೇಶದ ಮೊದಲ ಉಪಗ್ರಹ ತಯಾರಾದ ಬಡಾವಣೆಯಲ್ಲಿ ಸುತ್ತಲಿನವರು ಹೇಗೆ ಬದುಕಿದರು ಎಂದು ಮುಂದಿನ ತಲೆಮಾರು ಕೇಳಿದಾಗ ಉತ್ತರ ಕೊಡಬಲ್ಲ ಕಾಗದ ರದ್ದಿಯ ಮೂಟೆ ಸೇರುತ್ತದೆಯೋ, ಕಾಲೇಜಿನ ಕಪಾಟು ಸೇರುತ್ತದೆಯೋ ಎಂಬುದು ಅಟ್ಟ ಖಾಲಿಯಾಗುವ ಆ ಒಂದು ದಿನದಲ್ಲಿ ತೀರ್ಮಾನವಾಗಿಬಿಡುತ್ತದೆ.