ಅಪರಾಧ ನಿಯಂತ್ರಣ: ಸದುದ್ದೇಶ ಮತ್ತು ಸತ್ಫಲ

ಊರಿನಲ್ಲಿ ಒಂದು ರಾತ್ರಿ ಕನ್ನ ಬಿತ್ತೆನ್ನಿ. ಬೆಳಗಾಗುವುದರೊಳಗೆ ಚಾವಡಿಯಲ್ಲಿ ನಾಲ್ಕು ಜನ ಸೇರುತ್ತಾರೆ. ರಾತ್ರಿಯ ಗಸ್ತು ಹೆಚ್ಚಬೇಕು ಎನ್ನುತ್ತಾನೆ ಒಬ್ಬ. ಶಿಕ್ಷೆಯ ಭಯವೇ ಇಲ್ಲವಾಗಿದೆ, ಕಾನೂನು ಬಿಗಿಯಾಗಬೇಕು ಎನ್ನುತ್ತಾನೆ ಇನ್ನೊಬ್ಬ. ಹುಡುಗರಿಗೆ ಒಳ್ಳೆಯ ಮಾತು ಹೇಳುವವರಿಲ್ಲ, ಅದೇ ಎಲ್ಲಕ್ಕೂ ಮೂಲ ಎಂದು ಮೂರನೆಯವನ ಅಭಿಪ್ರಾಯ. ಮೂವರ ಮಾತೂ ಸರಿಯೆಂದೇ ತೋರುತ್ತದೆ. ಆಗ ನಾಲ್ಕನೆಯವನು, "ನೀವು ಹೇಳಿದ್ದನ್ನು ಹಿಂದೆ ಎಲ್ಲಿಯಾದರೂ ಮಾಡಿ ನೋಡಿದ್ದಾರೆಯೆ? ಮಾಡಿದ್ದರೆ ಕಳವು ಕಡಿಮೆಯಾಯಿತೆ?" ಎಂದು ಕೇಳಿದರೆ ಸಭೆ ತುಸು ಹೊತ್ತು ಸುಮ್ಮನಾಗುತ್ತದೆ. ಆ ನಾಲ್ಕನೆಯವನ ಪ್ರಶ್ನೆಯೇ ಇಂದಿನ ನಮ್ಮ ವಿಷಯ.

ಪ್ರಶ್ನೆ ಸರಳ, ಉತ್ತರ ಪಡೆಯುವ ದಾರಿ ಮಾತ್ರ ಅಷ್ಟು ಸರಳವಲ್ಲ. ಮಳೆ ಹೋದ ವರ್ಷ ನಮ್ಮ ಹಳ್ಳಿಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡಿಸುವುದುಂಟು. ಮದುವೆಯಾದ ಕೆಲವು ದಿನಕ್ಕೆ ಮಳೆ ಬರುವುದೂ ಉಂಟು. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಮದುವೆ ಮಾಡಿಸದ ಪಕ್ಕದ ಊರಿನಲ್ಲಿಯೂ ಅದೇ ದಿನ ಮಳೆ ಬಂದಿತೆ ಎಂದು ವಿಚಾರಿಸಲು ಯಾರೂ ಹೋಗುವುದಿಲ್ಲ. ಅಪರಾಧದ ವಿಷಯದಲ್ಲಿಯೂ ಹೀಗೆಯೇ. ಬಿಗಿ ಕ್ರಮಗಳು ಜಾರಿಗೆ ಬರುವುದು ಸಾಮಾನ್ಯವಾಗಿ ಕಳವು ಮಿತಿಮೀರಿದಾಗ. ಮಿತಿಮೀರಿದ್ದು ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಇಳಿದ ಹೊತ್ತಿನಲ್ಲಿ ಅಧಿಕಾರದಲ್ಲಿದ್ದವರ ಕೊರಳಿಗೆ ಹಾರ ಬೀಳುತ್ತದೆ. ಇನ್ನು ಠಾಣೆಯ ದಾಖಲೆಗಳನ್ನು ನಂಬೋಣವೆಂದರೆ, ಅಲ್ಲಿರುವುದು ನಡೆದ ಅಪರಾಧಗಳ ಲೆಕ್ಕವಲ್ಲ, ದೂರಾಗಿ ಬಂದು ಬರೆಯಿಸಿಕೊಂಡ ಅಪರಾಧಗಳ ಲೆಕ್ಕ. ಪೊಲೀಸರ ಮೇಲೆ ವಿಶ್ವಾಸ ಹೆಚ್ಚಿದ ಊರಿನಲ್ಲಿ ದೂರುಗಳೂ ಹೆಚ್ಚಬಹುದು. ಅಂಥ ಕಡೆ ಏರಿದ ಅಂಕಿ ಒಳ್ಳೆಯ ಆಡಳಿತದ ಕುರುಹೇ ಆಗಿರಬಹುದು.

ಇದಕ್ಕೆ ರೈತನಿಗೆ ಗೊತ್ತಿರುವ ಉಪಾಯವೇ ಉಪಾಯ. ಹೊಸ ಗೊಬ್ಬರದ ಗುಣ ತಿಳಿಯಬೇಕಾದರೆ ಒಂದೇ ಹೊಲದ ಒಂದು ಪಟ್ಟಿಗೆ ಹಾಕಿ, ಪಕ್ಕದ ಪಟ್ಟಿಗೆ ಹಾಕದೆ ಬಿಟ್ಟು, ಎರಡರ ಫಸಲನ್ನೂ ತೂಗಿ ನೋಡಬೇಕು. ತಗ್ಗಿನ ತೇವದ ಪಟ್ಟಿಗೆ ಗೊಬ್ಬರ ಹಾಕಿ, ಕಲ್ಲುನೆಲದ ಪಟ್ಟಿಯನ್ನು ಬಿಟ್ಟರೆ ಹೋಲಿಕೆ ಕೆಟ್ಟಿತು. ಆದುದರಿಂದ ಯಾವ ಪಟ್ಟಿಗೆ ಹಾಕಬೇಕೆಂಬುದನ್ನು ನಮ್ಮ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿ ನಿರ್ಧರಿಸುವುದು ಮೇಲು.

ಮನುಷ್ಯರ ವಿಷಯದಲ್ಲಿ ಇಂಥ ಪರೀಕ್ಷೆಗೆ ಬಹು ಹಿಂದೆಯೇ ಧೈರ್ಯಮಾಡಿದವರು ಅಮೆರಿಕದ ಬಾಸ್ಟನ್ ನಗರದ ವೈದ್ಯ ರಿಚರ್ಡ್ ಕ್ಲಾರ್ಕ್ ಕ್ಯಾಬಟ್. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಈತ ತಮ್ಮ ವೃತ್ತಿಯನ್ನೇ ಒರೆಗೆ ಹಚ್ಚಿದ ಅಪರೂಪದ ಮನುಷ್ಯ. ರೋಗಿ ಬದುಕಿದ್ದಾಗ ವೈದ್ಯರು ಹೇಳಿದ ರೋಗ ಯಾವುದು, ಸತ್ತ ಮೇಲೆ ಶವಪರೀಕ್ಷೆಯಲ್ಲಿ ಕಂಡ ರೋಗ ಯಾವುದು ಎಂದು ಮೂರು ಸಾವಿರ ಪ್ರಕರಣಗಳನ್ನು ಹೋಲಿಸಿ, ವೈದ್ಯರು ಎಷ್ಟು ಬಾರಿ ತಪ್ಪಿದ್ದಾರೆಂಬುದನ್ನು 1912ರಲ್ಲಿ ಪ್ರಕಟಿಸಿದರು. ಸಹವೃತ್ತಿಯವರಿಗೆ ಅದು ಹಿತವಾದ ಓದಾಗಿರಲಾರದು. 1931ರಲ್ಲಿ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷಪೀಠದಿಂದಲೂ ಅವರು ಕೇಳಿದ್ದು ಇದೇ ಬಗೆಯ ಪ್ರಶ್ನೆ: ನಿಮ್ಮ ಸೇವೆಯಿಂದ ಒಳಿತಾಗುತ್ತಿದೆಯೆಂಬುದಕ್ಕೆ ಅಳತೆಗೋಲು ಯಾವುದು?

ಕೇಳಿ ಸುಮ್ಮನಾಗಲಿಲ್ಲ. ಬಾಸ್ಟನ್ನಿಗೆ ಹೊಂದಿಕೊಂಡ ಕೇಂಬ್ರಿಜ್ ಮತ್ತು ಸಾಮರ್ವಿಲ್ ಎಂಬ ಎರಡು ಊರುಗಳ ಕಾರ್ಮಿಕ ವಸತಿಗಳಿಂದ 506 ಮಂದಿ ಹುಡುಗರನ್ನು ಆರಿಸಲಾಯಿತು. ತಂಟೆಕೋರರೆನಿಸಿಕೊಂಡವರು ಮಾತ್ರವಲ್ಲ, ಸಾಧುಸ್ವಭಾವದವರೂ ಅವರಲ್ಲಿದ್ದರು. ವಯಸ್ಸು, ಬುದ್ಧಿ, ಮನೆಯ ಪರಿಸ್ಥಿತಿ, ಸ್ವಭಾವ ಇವುಗಳಲ್ಲಿ ಒಬ್ಬರನ್ನೊಬ್ಬರು ಹೋಲುವ ಜೋಡಿಗಳನ್ನು ಮಾಡಿ, ಪ್ರತಿ ಜೋಡಿಯಲ್ಲಿ ಯಾರಿಗೆ ನೆರವು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಹೀಗೆ 253 ಹುಡುಗರಿಗೆ ಒಬ್ಬೊಬ್ಬ ಮಾರ್ಗದರ್ಶಕ ದೊರೆತ. ಉಳಿದ 253 ಮಂದಿ ತಮ್ಮ ಪಾಡಿಗೆ ತಾವು ಬೆಳೆದರು. ಮಾರ್ಗದರ್ಶಕ ತಿಂಗಳಿಗೆ ಸುಮಾರು ಎರಡು ಸಲ ಮನೆಗೆ ಬರುತ್ತಿದ್ದ. ಓದಿನಲ್ಲಿ ಹಿಂದುಳಿದವರಿಗೆ ಪಾಠ, ಕಾಯಿಲೆಯವರಿಗೆ ವೈದ್ಯರ ನೆರವು, ಬೇಸಗೆಯಲ್ಲಿ ಶಿಬಿರ, ತಾಯಿತಂದೆಯರ ಕಷ್ಟಕ್ಕೆ ಒಂದು ಕಿವಿ. ಇದು ಒಂದೆರಡು ತಿಂಗಳ ಸಂಭ್ರಮವಲ್ಲ, ಸರಾಸರಿ ಐದು ವರ್ಷಗಳ ಒಡನಾಟ. 1939ರಲ್ಲಿ ಕೆಲಸ ಮೊದಲಾಯಿತು. ಅದೇ ವರ್ಷ ಕ್ಯಾಬಟ್ ತೀರಿಕೊಂಡರು. 1945ರಲ್ಲಿ ಯೋಜನೆ ಮುಗಿಯಿತು.

ಫಲಿತಾಂಶದ ಮೊದಲ ಗ್ರಂಥ ಹೊರಬಂದದ್ದು 1951ರಲ್ಲಿ. ನೆರವು ಪಡೆದವರೂ ಪಡೆಯದವರೂ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹುಡುಗರು ಇನ್ನೂ ಎಳೆಯರು, ಬಿತ್ತಿದ್ದು ಫಲ ಕೊಡಲು ಕಾಲ ಬೇಕು ಎಂದು ಸಮಾಧಾನ ಹೇಳಿಕೊಳ್ಳಲು ಅವಕಾಶವಿತ್ತು. ಆ ಕಾಲವೂ ಬಂದಿತು. ಯೋಜನೆ ಮುಗಿದ ಮೂವತ್ತು ವರ್ಷಗಳ ಮೇಲೆ ಜೋನ್ ಮೆಕಾರ್ಡ್ ಎಂಬ ವಿದುಷಿ ನಡುವಯಸ್ಸು ಮುಟ್ಟಿದ್ದ ಆ ಹುಡುಗರನ್ನು ಹುಡುಕಿ ಹೊರಟರು. ನ್ಯಾಯಾಲಯಗಳ, ಆಸ್ಪತ್ರೆಗಳ, ಮರಣ ನೋಂದಣಿಯ ದಾಖಲೆಗಳನ್ನು ತಿರುವಿ, ಹೆಚ್ಚುಕಡಿಮೆ ಎಲ್ಲರ ಸುಳಿವನ್ನೂ ಪತ್ತೆಮಾಡಿದರು. ನೆರವು ಪಡೆದವರಿಗೆ ಪ್ರಶ್ನೆಗಳನ್ನು ಕಳುಹಿಸಿದಾಗ, ಉತ್ತರಿಸಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಆ ಯೋಜನೆಯಿಂದ ತಮಗೆ ಉಪಕಾರವಾಯಿತೆಂದು ಬರೆದರು. ಅದಿಲ್ಲದಿದ್ದರೆ ದಾರಿತಪ್ಪುತ್ತಿದ್ದೆವು ಎಂದವರೂ ಇದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಮಂಗಳಾಂತ ಕಥೆಯಾಗುತ್ತಿತ್ತು. ಆದರೆ ದಾಖಲೆಗಳು ಬೇರೆಯದನ್ನೇ ಹೇಳಿದವು. ಅಪರಾಧ ಮಾಡಿದವರ ಸಂಖ್ಯೆ ಎರಡು ಗುಂಪಿನಲ್ಲಿಯೂ ಹೆಚ್ಚುಕಡಿಮೆ ಒಂದೇ. ಒಮ್ಮೆ ತಪ್ಪಿದವನು ಮತ್ತೊಮ್ಮೆ ತಪ್ಪಿದ್ದು ಮಾತ್ರ ನೆರವು ಪಡೆದವರಲ್ಲಿ ಹೆಚ್ಚು. ಕುಡಿತಕ್ಕೆ ದಾಸರಾದವರು, ತೀವ್ರ ಮನೋರೋಗದ ಲಕ್ಷಣ ಕಂಡವರು, ರಕ್ತದೊತ್ತಡ ಮತ್ತು ಹೃದಯದ ಬೇನೆಯವರು ಅವರಲ್ಲಿಯೇ ಹೆಚ್ಚು. ತೀರಿಕೊಂಡವರನ್ನು ನೋಡಿದರೆ, ಬೇಗ ತೀರಿಕೊಂಡವರೂ ಅವರೇ. ನೆರವು ಹೆಚ್ಚು ಕಾಲ, ಹೆಚ್ಚು ನಿಕಟವಾಗಿ ದೊರೆತಷ್ಟೂ ಕೇಡು ಹೆಚ್ಚು. 1978ರಲ್ಲಿ ಮೆಕಾರ್ಡ್ ಇದನ್ನು ಪ್ರಕಟಿಸಿದರು.

ಕಾರಣವೇನು? ಹೊರಗಿನವರ ಆಸರೆಗೆ ಒಗ್ಗಿಹೋದ ಹುಡುಗ ಆ ಆಸರೆ ಕಳಚಿದಾಗ ತಬ್ಬಿಬ್ಬಾದನೆ? ತನ್ನ ಬದುಕು ತಲುಪಲಾಗದ ಎತ್ತರದ ಆಸೆಗಳನ್ನು ಅವನಲ್ಲಿ ಹುಟ್ಟಿಸಿದಂತಾಯಿತೆ? ಮೆಕಾರ್ಡ್ ಇಂಥ ಹಲವು ಊಹೆಗಳನ್ನು ಮುಂದಿಟ್ಟರು. ಮುಂದೆ ನಡೆದ ವಿಶ್ಲೇಷಣೆ ಬೆರಳಿಟ್ಟು ತೋರಿಸಿದ್ದು ಬೇಸಗೆಯ ಶಿಬಿರಗಳನ್ನು. ಒಂದಕ್ಕಿಂತ ಹೆಚ್ಚು ಸಲ ಶಿಬಿರಕ್ಕೆ ಹೋದವರಲ್ಲಿಯೇ ಕೇಡು ಎದ್ದು ಕಾಣುತ್ತಿತ್ತು. ತಂಟೆಯ ಹುಡುಗರನ್ನು ಒಂದೆಡೆ ಕೂಡಿಸಿದರೆ, ಅವರು ಮಾರ್ಗದರ್ಶಕನಿಂದ ಕಲಿಯುವುದಕ್ಕಿಂತ ಒಬ್ಬರಿಂದೊಬ್ಬರು ಕಲಿಯುವುದೇ ಹೆಚ್ಚಿರಬೇಕು. ಇಂಥ ಪರೀಕ್ಷೆಗಳ ಮಾತು ಬಂದಾಗಲೆಲ್ಲ ಒಂದು ಆಕ್ಷೇಪಣೆ ಏಳುತ್ತದೆ: ಕೆಲವರಿಗೆ ನೆರವು ಕೊಟ್ಟು ಕೆಲವರಿಗೆ ಇಲ್ಲವೆನ್ನುವುದು ಅನ್ಯಾಯವಲ್ಲವೆ? ನ್ಯಾಯವಾದ ಪ್ರಶ್ನೆಯೇ. ಆದರೆ ನಾಣ್ಯ ಚಿಮ್ಮಿದಾಗ ಸೋತ 253 ಹುಡುಗರನ್ನು ನೋಡಿ ಅಂದು ಯಾರಾದರೂ ಮರುಗಿದ್ದರೆ, ಆ ಮರುಕ ಸಲ್ಲಬೇಕಾಗಿದ್ದುದು ಗೆದ್ದವರಿಗೆ. ಇದನ್ನು ನೆನೆದಾಗಲೆಲ್ಲ ನನಗೆ ಮಾತು ತೋಚದಂತಾಗುತ್ತದೆ. ಸೋತವರ ಆ ಗುಂಪು ಇಲ್ಲದಿದ್ದರೆ, ಕೃತಜ್ಞತೆಯ ಆ ಉತ್ತರಗಳನ್ನೇ ಆಧಾರವಾಗಿಟ್ಟುಕೊಂಡು ಯೋಜನೆ ಊರೂರಿಗೆ ಹಬ್ಬುತ್ತಿತ್ತಲ್ಲವೆ?

ಪ್ರೀತಿಯಿಂದ ಆಗದಿದ್ದರೆ ಭೀತಿಯಿಂದ ಆಗಬಹುದು ಎನ್ನುವವರಿಗೂ ಒಂದು ಪ್ರಸಂಗವಿದೆ. ನ್ಯೂಜೆರ್ಸಿಯ ರಾವೇ ಸೆರೆಮನೆಯಲ್ಲಿ ಜೀವಾವಧಿ ಶಿಕ್ಷೆಯ ಕೈದಿಗಳು 1976ರಲ್ಲಿ ಒಂದು ಕಾರ್ಯಕ್ರಮ ಹೂಡಿದರು. ದಾರಿತಪ್ಪುತ್ತಿರುವ ಹುಡುಗರನ್ನು ಒಳಗೆ ಕರೆತಂದು, ಸೆರೆವಾಸದ ಕ್ರೌರ್ಯವನ್ನು ಕೂಗಿ, ಬೈದು, ಬೆದರಿಸಿ ಮನಗಾಣಿಸುವುದು. ಖರ್ಚಿಲ್ಲ, ಕೆಲವೇ ಗಂಟೆಗಳ ಕೆಲಸ. 1978ರ ಸಾಕ್ಷ್ಯಚಿತ್ರವೊಂದು ಇದನ್ನು ಮನೆಮನೆಗೆ ಮುಟ್ಟಿಸಿ ಆಸ್ಕರ್ ಪ್ರಶಸ್ತಿಯನ್ನೂ ಗಳಿಸಿತು. ಹತ್ತರಲ್ಲಿ ಒಂಬತ್ತು ಹುಡುಗರು ತಿದ್ದಿಕೊಂಡರೆಂಬ ಮಾತು ಹರಡಿತು. ಅದೇ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಫಿಂಕನಾರ್, ಸೆರೆಮನೆಗೆ ಹೋದ ಹುಡುಗರನ್ನು ಹೋಗದವರೊಡನೆ ಹೋಲಿಸಿ ನೋಡಿದರು. ಮತ್ತೆ ತಪ್ಪು ಮಾಡಿದವರು ಹೋಗದವರಲ್ಲಿ ನೂರಕ್ಕೆ 11, ಹೋದವರಲ್ಲಿ ನೂರಕ್ಕೆ 41! ಅವರ ಗುಂಪುಗಳು ಚಿಕ್ಕವು, ಚೀಟಿ ಎತ್ತುವ ಕ್ರಮವೂ ನಿರ್ದೋಷವಾಗಿ ನಡೆದಿರಲಿಲ್ಲ ಎಂಬುದು ನಿಜ. ಆದರೆ ಇದೇ ಬಗೆಯ ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದ 2002ರ ಸಮೀಕ್ಷೆಯ ತೀರ್ಪೂ ಬೇರೆಯಾಗಲಿಲ್ಲ: ಸುಮ್ಮನಿರುವುದಕ್ಕಿಂತ ಇದು ಕೆಟ್ಟದ್ದು. ಇಷ್ಟಾದರೂ 2011ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಇದೇ ಬಗೆಯ ಕಾರ್ಯಕ್ರಮಗಳನ್ನು ತೋರಿಸುವ ಹೊಸ ಧಾರಾವಾಹಿ ಆರಂಭವಾಯಿತು. ನೋಡಲು ರೋಮಾಂಚಕಾರಿಯಾದುದಕ್ಕೆ ಮರಣವಿಲ್ಲವೆಂದು ಕಾಣುತ್ತದೆ.

ಇನ್ನು ಚಾವಡಿಯ ಮೊದಲನೆಯವನ ಗಸ್ತಿನ ಮಾತು. ಇದನ್ನು ಪರೀಕ್ಷಿಸಿದವರು ಪೊಲೀಸರೇ ಎಂಬುದು ಮೆಚ್ಚತಕ್ಕ ಸಂಗತಿ. ಮಿಸ್ಸೂರಿ ರಾಜ್ಯದ ಕಾನ್ಸಾಸ್ ನಗರದಲ್ಲಿ 1972ರ ಅಕ್ಟೋಬರಿನಿಂದ ಒಂದು ವರ್ಷ ಹದಿನೈದು ಗಸ್ತಿನ ವಲಯಗಳನ್ನು ಐದೈದರಂತೆ ಮೂರು ಪಾಲು ಮಾಡಿದರು. ಐದು ವಲಯಗಳಲ್ಲಿ ಗಸ್ತು ನಿಂತಿತು. ಕರೆ ಬಂದರಷ್ಟೇ ಪೊಲೀಸರು ಹೋಗುವುದು. ಐದರಲ್ಲಿ ಎಂದಿನಂತೆ ಒಂದು ವಾಹನ. ಉಳಿದ ಐದರಲ್ಲಿ ಎರಡು ಮೂರು ಪಟ್ಟು ಗಸ್ತು. ವರ್ಷ ಮುಗಿದಾಗ ಕಳವಿನಲ್ಲಿ, ಜನರ ಭಯದಲ್ಲಿ, ಪೊಲೀಸರ ಬಗೆಗಿನ ತೃಪ್ತಿಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಗಸ್ತು ನಿಂತುದು ಜನರ ಗಮನಕ್ಕೇ ಬಂದಂತೆ ತೋರಲಿಲ್ಲ. ಇದೇ ಹೊತ್ತಿಗೆ, 1974ರಲ್ಲಿ, ರಾಬರ್ಟ್ ಮಾರ್ಟಿನ್‌ಸನ್ ಎಂಬವರು ಕೈದಿಗಳನ್ನು ಸುಧಾರಿಸುವ ನಾನಾ ಯೋಜನೆಗಳ ಫಲವನ್ನು ತೂಗಿ ನೋಡಿ ನಿರಾಶೆಯ ಲೇಖನವೊಂದನ್ನು ಬರೆದರು. ಯಾವುದೂ ಉಪಯೋಗವಿಲ್ಲ ಎಂಬ ಮಾತು ಗಾದೆಯಂತಾಯಿತು. ಐದು ವರ್ಷಗಳ ನಂತರ ಅವರು ತಮ್ಮ ಮಾತನ್ನು ತಿದ್ದಿಕೊಂಡರು. ಆದರೆ ತಿದ್ದುಪಡಿಯನ್ನು ಓದುವವರು ಎಂದಿಗೂ ಕಡಿಮೆ.

ಗಸ್ತು ವ್ಯರ್ಥವೆಂಬುದೂ ಪೂರ್ಣ ಸತ್ಯವಲ್ಲವೆಂದು ತಿಳಿದದ್ದು ಮಿನಿಯಾಪೊಲಿಸ್ ನಗರದಲ್ಲಿ. ಲಾರೆನ್ಸ್ ಶರ್ಮನ್ ಮತ್ತು ಸಂಗಡಿಗರು ಅಲ್ಲಿನ ಪೊಲೀಸರಿಗೆ ಒಂದು ವರ್ಷ ಬಂದ ಕರೆಗಳನ್ನು ವಿಳಾಸವಾರು ವಿಂಗಡಿಸಿದಾಗ, ಅರ್ಧದಷ್ಟು ಕರೆಗಳು ನಗರದ ನೂರಕ್ಕೆ ಮೂರರಷ್ಟು ವಿಳಾಸಗಳಿಂದಲೇ ಬಂದಿದ್ದವು. ಹಾಗಾದರೆ ಊರೆಲ್ಲ ಸುತ್ತುವುದೇಕೆ? ಅಂಥ 110 ತಾಣಗಳನ್ನು ಗುರುತಿಸಿ, 1988-89ರಲ್ಲಿ ಅರ್ಧಕ್ಕೆ ಮಾತ್ರ ಗಸ್ತನ್ನು ಹೆಚ್ಚಿಸಿದರು. ಆ ತಾಣಗಳಿಂದ ಬರುವ ಅಪರಾಧದ ಕರೆಗಳು ಹೋಲಿಕೆಯಲ್ಲಿ ನೂರಕ್ಕೆ 6ರಿಂದ 13ರವರೆಗೆ ಕಡಿಮೆಯಾದವು. ಗಂಟೆಗಟ್ಟಲೆ ನಿಲ್ಲಬೇಕಾದುದಿಲ್ಲ, ಒಂದು ಭೇಟಿಗೆ ಹತ್ತು ಹದಿನೈದು ನಿಮಿಷ ಸಾಕು, ಅದಕ್ಕಿಂತ ಹೆಚ್ಚು ನಿಂತರೆ ಹೆಚ್ಚಿನ ಲಾಭವಿಲ್ಲ ಎಂಬುದೂ ಇದರ ಅಂಕಿಗಳಿಂದಲೇ ಹೊರಟಿತು. ಬೇರೆ ನಗರಗಳಲ್ಲಿ ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ಬಹುಮಟ್ಟಿಗೆ ಫಲ ನಿಂತಿದೆ.

ಎಲ್ಲ ಫಲಗಳೂ ಹೀಗೆ ನಿಲ್ಲುವುದಿಲ್ಲ. ಅದೇ ಮಿನಿಯಾಪೊಲಿಸ್‌ನಲ್ಲಿ 1981-82ರಲ್ಲಿ, ಹೆಂಡತಿಯನ್ನು ಹೊಡೆದ ಗಂಡನನ್ನು ಬುದ್ಧಿ ಹೇಳಿ ಬಿಡುವುದಕ್ಕಿಂತ ಬಂಧಿಸಿದರೆ ಹೊಡೆತ ಮರುಕಳಿಸುವುದು ಕಡಿಮೆ ಎಂದು ಪರೀಕ್ಷೆಯೊಂದು ತೋರಿಸಿತು. ಅನೇಕ ರಾಜ್ಯಗಳು ಅವಸರದಿಂದ ಬಂಧನವನ್ನು ಕಡ್ಡಾಯಮಾಡಿದವು. ಬೇರೆ ಊರುಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಉತ್ತರ ಒಂದೇ ಬಗೆಯದಾಗಿರಲಿಲ್ಲ. ಮಿಲ್ವಾಕೀ ನಗರದಲ್ಲಂತೂ, ಉದ್ಯೋಗವಿದ್ದವನು ಬಂಧನದಿಂದ ತಗ್ಗಿದ. ಉದ್ಯೋಗವಿಲ್ಲದವನು ಮನೆಗೆ ಮರಳಿ ಇನ್ನಷ್ಟು ಹೊಡೆದ. ಯಾವ ಹೆಂಗಸಿನ ರಕ್ಷಣೆಗೆಂದು ಕಾನೂನು ಬಂದಿತೋ ಅವಳೇ ಏಟು ತಿಂದಳು.

ಒಂದು ಊರಿನ ಮದ್ದು ಇನ್ನೊಂದು ಊರಿಗೆ ಒಗ್ಗುವುದೆಂಬ ಭರವಸೆಯಿಲ್ಲವಾದ ಮೇಲೆ ನಮ್ಮ ದೇಶಕ್ಕೆ ನಮ್ಮವೇ ಪರೀಕ್ಷೆಗಳು ಬೇಕಷ್ಟೆ. ಕಡಿಮೆ ಸಂಖ್ಯೆಯಲ್ಲಾದರೂ ಅವು ನಡೆದಿವೆ. ರಾಜಸ್ಥಾನದಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಡೇನಿಯಲ್ ಕೆನಿಸ್ಟನ್ ಅವರೂ ಪೊಲೀಸ್ ಅಧಿಕಾರಿ ನೀನಾ ಸಿಂಗ್ ಅವರೂ ಕೂಡಿ ಇಂಥ ಕೆಲಸ ಮಾಡಿದ್ದಾರೆ. ಮೊದಲ ಪರೀಕ್ಷೆಯಲ್ಲಿ, ದೂರುದಾರರಂತೆ ಠಾಣೆಗೆ ಹೋಗಿ ದೂರು ಬರೆದುಕೊಳ್ಳುತ್ತಾರೆಯೇ ಎಂದು ನೋಡಿ ಬರುವ ಏರ್ಪಾಡೂ ಇತ್ತು. ಪೇದೆಗಳಿಗೆ ತರಬೇತಿ ಕೊಡುವುದರಿಂದ ಪ್ರಯೋಜನ ಕಂಡಿತು. ಸ್ಥಳೀಯರನ್ನು ಠಾಣೆಯಲ್ಲಿ ವೀಕ್ಷಕರನ್ನಾಗಿ ಕೂರಿಸುವುದು, ವಾರದ ರಜೆ ಕೊಡುವುದು ಮುಂತಾದವು ಕಾಗದದ ಮೇಲೆ ಚೆನ್ನಾಗಿದ್ದರೂ ಠಾಣೆಗಳಲ್ಲಿ ಸರಿಯಾಗಿ ಜಾರಿಗೆ ಬರದೆ ಹೋದವು.

ಅನಂತರದ್ದು, 2010 ಮತ್ತು 2011ರಲ್ಲಿ ನಡೆದದ್ದು, ಕುಡಿದು ವಾಹನ ನಡೆಸುವವರನ್ನು ರಾತ್ರಿ ತಡೆಯುವ ಪರೀಕ್ಷೆ. ಕೆಲವು ಠಾಣೆಗಳು ಅತ್ಯಂತ ತಕ್ಕದ್ದೆಂದು ಆರಿಸಿದ ಒಂದೇ ಸ್ಥಳದಲ್ಲಿ ನಾಕಾ ಹಾಕಿದವು. ಕೆಲವು ಮೂರು ಸ್ಥಳಗಳಲ್ಲಿ ಸರದಿಯಂತೆ ಬದಲಿಸುತ್ತ ಹಾಕಿದವು. ಉಳಿದವು ಎಂದಿನಂತೆ ಇದ್ದವು. ಬದಲಾಗುತ್ತಿದ್ದ ನಾಕಾಗಳಿದ್ದ ಕಡೆ ರಾತ್ರಿಯ ಅಪಘಾತಗಳು ನೂರಕ್ಕೆ 17ರಷ್ಟು, ರಾತ್ರಿಯ ಸಾವುಗಳು ನೂರಕ್ಕೆ 25ರಷ್ಟು ತಗ್ಗಿದವು. ಅತ್ಯುತ್ತಮ ಸ್ಥಳದಲ್ಲಿ ಕದಲದೆ ನಿಂತವರ ಕಡೆ ಗುರುತಿಸುವಂಥ ಬದಲಾವಣೆಯಾಗಲಿಲ್ಲ. ಪೊಲೀಸರು ಎಲ್ಲಿ ನಿಂತಿರುತ್ತಾರೆಂಬುದು ಕುಡಿದವನಿಗೂ ಬಲುಬೇಗ ಗೊತ್ತಾಗುತ್ತದೆ. ಅವನು ಪಕ್ಕದ ದಾರಿ ಹಿಡಿಯುತ್ತಾನೆ.