ಕರೆದವರು ಯಾರು? ಕಂಪ್ಯೂಟರಿಗೆ ಹ್ಯಾಂಗ ತಿಳೀತದ?



ಕೀಬೋರ್ಡಿನ ಗುಂಡಿ ಒತ್ತಿದರೆ ಪರದೆಯ ಮೇಲೆ ಅಕ್ಷರ ಮೂಡುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ಅದೇ ಹೊತ್ತಿಗೆ ಮೌಸ್ ಅಲುಗಾಡ್ತಿರ್ತದ, ಒಳಗಿನ ಗಡಿಯಾರ ಬಡೀತಿರ್ತದ, ಡಿಸ್ಕು "ನೀ ಕೇಳಿದ ಕಡತ ತಂದೀನಿ, ತಗೋ" ಅಂತಿರ್ತದ. ಎಲ್ಲರೂ ಒಮ್ಮೆಲೇ ಕೂಗಿದರೆ ಕೂಗಿದವರು ಯಾರು ಅಂತ ಕಂಪ್ಯೂಟರಿಗೆ ಹೇಗೆ ತಿಳಿಯಬೇಕು? ಈ ಸಲ ಅದನ್ನೇ ಬರೆಯುತ್ತೇನೆ.

ಕಂಪ್ಯೂಟರಿನ ಮಿದುಳಿಗೆ ಪ್ರೊಸೆಸರ್ ಎನ್ನುತ್ತಾರೆ. ಅದು ಸದಾ ಯಾವುದೋ ಲೆಕ್ಕದಲ್ಲಿ ಮುಳುಗಿರುತ್ತದೆ. ಆ ಲೆಕ್ಕ ನಿಲ್ಲಿಸಿ "ನನ್ನ ಕಡೆ ನೋಡು" ಎಂದು ಒಂದು ಸಾಧನ ಕೊಡುವ ಸನ್ನೆಗೆ ಇಂಟರಪ್ಟ್ ಎಂದು ಹೆಸರು. ಸನ್ನೆ ಬಂದಾಗ ಯಾರನ್ನು ಎಬ್ಬಿಸಬೇಕು ಎಂದು ತೀರ್ಮಾನಿಸುವುದು ಕರ್ನಲ್. ಕಾಳಿನೊಳಗೆ ತಿರುಳು ಇದ್ದಂಗ, ಲಿನಕ್ಸ್, ವಿಂಡೋಸ್ ಮುಂತಾದವುಗಳ ಒಳತಿರುಳು ಅದು. ಒಂದೊಂದು ಸಾಧನ ನೋಡಿಕೊಳ್ಳಲು ಒಂದೊಂದು ಪುಟ್ಟ ಪ್ರೋಗ್ರಾಂ ಇರುತ್ತದೆ, ಅದಕ್ಕೆ ಡ್ರೈವರ್ ಅಂತಾರ. (ಬಸ್ಸಿನ ಡ್ರೈವರ್ ಅಲ್ಲ ಮತ್ತೆ!)

ಸನ್ನೆಯ ಜೊತೆ ಹೆಸರು ಬರುವುದಿಲ್ಲ, ಬರೀ ನಂಬರು ಬರ್ತದ. ತೊಡಕೆಲ್ಲ ಇಲ್ಲೇ ಶುರು.

ಒಂದು ಗುರುತಿಗೂ ಅದರ ಒಡೆಯನಿಗೂ ಗಂಟು ಹಾಕುವುದು ಎಂಥ ಕೆಲಸ ಅಂತ ಮಸ್ಕಿಯವರಿಗೆ ಹೇಳಬೇಕಾಗಿಲ್ಲ. ದೇಶದ ನಾನಾ ಕಡೆಯ ಬಂಡೆ, ಕಂಬಗಳ ಮೇಲೆ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಿದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೆ, ಸಿಂಹಳದ ಗ್ರಂಥಗಳ ನೆರವಿನಿಂದ ಈತ ಅಶೋಕನೇ ಇರಬೇಕು ಎಂದು ವಿದ್ವಾಂಸರು ಹೇಳಿದ್ದರು. ಆದರೆ ಬಿರುದು, ಹೆಸರು ಎರಡೂ ಒಂದೇ ಕಲ್ಲಿನ ಮೇಲೆ ಮೊದಲು ಸಿಕ್ಕಿದ್ದು 1915ರಲ್ಲಿ, ನಮ್ಮ ಮಸ್ಕಿ ಗುಡ್ಡದಾಗ. ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಅದನ್ನು ಕಂಡ. ಕರ್ನಲ್ ಇಟ್ಟುಕೊಳ್ಳುವ ಪಟ್ಟಿಯ ಪ್ರತಿ ಸಾಲೂ ಆ ಶಾಸನದಂಥದ್ದೇ: ಈ ನಂಬರು ಅಂದರೆ ಈ ಸಾಧನ.

ಮೊದಲು ಪಟ್ಟಿ ಬಹಳ ಚಿಕ್ಕದಿತ್ತು. 1981ರ ಐಬಿಎಂ ಪಿಸಿಯಲ್ಲಿ ಸನ್ನೆಗೆ ಎಂಟೇ ತಂತಿ. ಇಂಟೆಲ್ಲಿನ 8259 ಎಂಬ ಚಿಪ್ಪು ಅವುಗಳನ್ನು ಕಾಯುತ್ತಿತ್ತು. 0 ಗಡಿಯಾರಕ್ಕೆ, 1 ಕೀಬೋರ್ಡಿಗೆ, 6 ಫ್ಲಾಪಿಗೆ. 1984ರ ಎಟಿ ಮಾದರಿಯಲ್ಲಿ ಎರಡನೇ ಚಿಪ್ಪು ಸೇರಿಸಿದರು. ಅದನ್ನು ಮೊದಲನೆಯದರ 2ನೇ ತಂತಿಗೆ ಕಟ್ಟಿದ್ದರಿಂದ ಬಳಕೆಗೆ ಉಳಿದದ್ದು 15. ಹೊಸ ಕಾರ್ಡು ಹಾಕುವವರು ಅದರ ಮೇಲಿನ ಜಂಪರ್ ಎಂಬ ಪುಟ್ಟ ತುಂಡನ್ನು ಕಿತ್ತು ಬೇರೆ ಕಡ್ಡಿಗೆ ಸಿಕ್ಕಿಸಿ ನಂಬರು ಗೊತ್ತು ಮಾಡಬೇಕಿತ್ತು. ಎರಡು ಕಾರ್ಡಿಗೆ ಒಂದೇ ನಂಬರು ಬಿತ್ತೋ, ಕೆಲಸ ಕೆಡ್ತು.

ಅದರ ಮೇಲೆ ಇನ್ನೊಂದು ಎಡವಟ್ಟು. 0 ರಿಂದ 31ರವರೆಗಿನ ನಂಬರುಗಳನ್ನು ಇಂಟೆಲ್ ಪ್ರೊಸೆಸರಿನ ಸ್ವಂತಕ್ಕೆ ಕಾದಿರಿಸಿತ್ತು. ಸೊನ್ನೆಯಿಂದ ಭಾಗಿಸಹೋದರೆ ಮೊಳಗುವ ಗಂಟೆ 0, ಹೀಗೆ. ಐಬಿಎಂನವರು ಗಡಿಯಾರದ ತಂತಿಯನ್ನು ಅದೇ ಸಾಲಿನ 8ಕ್ಕೆ ಜೋಡಿಸಿಬಿಟ್ಟರು. ಮುಂದೆ ಬಂದ 286 ಪ್ರೊಸೆಸರಿನಲ್ಲಿ 8 ಅಂದರೆ ತಪ್ಪಿನ ಮೇಲೆ ತಪ್ಪು ಬಿದ್ದಾಗಿನ ಗಂಟೆಯಾಯಿತು. ಗಡಿಯಾರ ಬಡೀತೋ, ಮನಿ ಬಿತ್ತೋ ತಿಳೀದಂಗ ಆತು! ಆದ್ದರಿಂದ ಲಿನಕ್ಸ್ ಏಳುತ್ತಲೇ ಆ ಚಿಪ್ಪಿಗೆ ಹೇಳಿ ತಂತಿಗಳ ನಂಬರನ್ನೆಲ್ಲ 31 ದಾಟಿಸಿ ಮೇಲಕ್ಕೆ ಸರಿಸುತ್ತದೆ. ಅಂದರೆ ತಂತಿಯ ನಂಬರು ಒಂದು, ಪ್ರೊಸೆಸರ್ ಕಾಣುವ ನಂಬರು ಇನ್ನೊಂದು. ನಡುವೆ ಪಟ್ಟಿ ಬೇಕೇ ಬೇಕು.

ಈಗ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ನೆನಸ್ಕೊಳ್ರಿ. ಮುಖ್ಯ ಕಾಲುವೆಯಿಂದ ವಿತರಣಾ ಕಾಲುವೆಗಳು ಒಡೆಯುತ್ತವೆ, ಅವಕ್ಕೆ ನಂಬರು. ಅವುಗಳಿಂದ ಹೊಲಕ್ಕೆ ನೀರು ಬಿಡುವ ತೂಬುಗಳು, ಅವಕ್ಕೂ ನಂಬರು. "ಮೂರನೇ ತೂಬಿನ್ಯಾಗ ನೀರು ಬರವಲ್ದು" ಅಂತ ಯಾರಾದರೂ ಹೇಳಿದರೆ ನೀರಗಂಟಿ ಮೊದಲು ಕೇಳುವುದು "ಯಾವ ಕಾಲುವೇದು?" ಅಂತ. ಕಂಪ್ಯೂಟರಿನಲ್ಲೂ ಹಾಗೆಯೇ. ಸನ್ನೆ ಕಾಯುವ ಚಿಪ್ಪುಗಳು ಈಗ ಹಲವು, ಪ್ರತಿಯೊಂದೂ ತನ್ನ ತಂತಿಗಳನ್ನು 0, 1, 2 ಎಂದೇ ಎಣಿಸುತ್ತದೆ. ಅದಕ್ಕೆ ಲಿನಕ್ಸ್ ಕರ್ನಲ್ ಒಂದೊಂದು ಚಿಪ್ಪಿಗೆ ಒಂದೊಂದು ವಲಯ ಮಾಡಿ, ವಲಯ ಮತ್ತು ಒಳನಂಬರು ಎರಡನ್ನೂ ನೋಡಿ, ಇಡೀ ಯಂತ್ರದಲ್ಲಿ ಮತ್ತೊಂದಿಲ್ಲದ ಹೊಸ ನಂಬರು ಕೊಡುತ್ತದೆ. ಡ್ರೈವರು ಬಳಸುವುದು ಈ ಹೊಸ ನಂಬರನ್ನೇ.

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ, ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಸೇರಿ, ಓದು ಬರಹ ಬಾರದವರಿಗೂ ದಕ್ಕಲಿ ಎಂದು ರೂಪಿಸಿ 2001ರಲ್ಲಿ ಜನರ ಮುಂದಿಟ್ಟ ಅಂಗೈ ಕಂಪ್ಯೂಟರ್ ಅದು. ಅಂದುಕೊಂಡಷ್ಟು ಮಾರಾಟವಾಗಲಿಲ್ಲ, ಆ ಮಾತು ಬೇರೆ. ಅದರಲ್ಲಿ ಓಡುತ್ತಿದ್ದದ್ದು ಲಿನಕ್ಸ್, ಇದ್ದ ಪ್ರೊಸೆಸರು ಸ್ಟ್ರಾಂಗ್‌ಆರ್ಮ್ 1110. ಈ ಪ್ರೊಸೆಸರಿಗೆ ಹೊರಗಿನ ಸಾಧನ ಜೋಡಿಸಲು 28 ಕಾಲುಗಳು, 0 ಯಿಂದ 27. ಮೊದಲ ಹನ್ನೊಂದಕ್ಕೆ ಒಂದೊಂದು ಪ್ರತ್ಯೇಕ ಸನ್ನೆ. ಉಳಿದ 17 ಕಾಲುಗಳಿಗೆಲ್ಲ ಸೇರಿ ಒಂದೇ ಸನ್ನೆ, ಅದರ ನಂಬರು 11. ಹಾಗಾಗಿ 11 ಬಂತು ಅಂದರೆ ಹದಿನೇಳು ಮಂದಿಯಲ್ಲಿ ಯಾರೋ ಕೂಗಿದರು ಅಂತಷ್ಟೇ ಅರ್ಥ. ಆಗ ಕರ್ನಲ್ ರಿಜಿಸ್ಟರ್ ಎಂಬ ಗುರುತಿನ ಹಲಗೆ ನೋಡುತ್ತದೆ. ಯಾವ ಕಾಲಿನ ಎದುರು ಗುರುತು ಬಿದ್ದಿದೆಯೋ ಆ ಕಾಲಿಗೆ ತಾನು ಮೊದಲೇ ಕೊಟ್ಟಿಟ್ಟ ನಂಬರು ಹುಡುಕಿ, ಅದರ ಡ್ರೈವರನ್ನು ಎಬ್ಬಿಸುತ್ತದೆ. ದೊಡ್ಡ ಕಾಲುವೆಯಿಂದ ತೂಬಿಗೆ ಇಳಿದಂಗ, ಎರಡು ಮೆಟ್ಟಿಲು.

ಯಾವ ಸಾಧನ ಯಾವ ತಂತಿಗೆ ಕಟ್ಟಿದೆ ಎಂಬುದು ಕರ್ನಲ್ಲಿಗೆ ಕನಸಿನ್ಯಾಗ ಬೀಳೂದಿಲ್ಲ. ಈಗಿನ ರಾಸ್ಪ್‌ಬೆರಿ ಪೈ ಥರದ ಬೋರ್ಡುಗಳಲ್ಲಿ ಡಿವೈಸ್ ಟ್ರೀ ಎಂಬ ವಿವರಪಟ್ಟಿಯನ್ನು ಏಳುವಾಗಲೇ ಅದರ ಕೈಗೆ ಕೊಡುತ್ತಾರೆ. ಅಲ್ಲೂ ಲೆಕ್ಕ ನೇರ ಇಲ್ಲ. ಆರ್ಮ್ ಕಂಪನಿಯ ಸನ್ನೆ ಚಿಪ್ಪಿನಲ್ಲಿ ಮೊದಲ 32 ನಂಬರುಗಳು ಒಳಮನೆಯ ಬಳಕೆಗೆ. ಹೊರಗಿನ ಸಾಧನಗಳು 32ರಿಂದ ಶುರು. ಆದರೆ ವಿವರಪಟ್ಟಿಯಲ್ಲಿ ಹೊರಗಿನವುಗಳನ್ನು ಮತ್ತೆ 0 ಯಿಂದ ಎಣಿಸುತ್ತಾರೆ. ಪಟ್ಟಿಯಲ್ಲಿ 5 ಅಂತ ಬರೆದದ್ದು ಚಿಪ್ಪಿನಲ್ಲಿ 37, ಲಿನಕ್ಸ್ ಕೊಡುವ ನಂಬರು ಮತ್ತೊಂದೇ. ಒಬ್ಬನೇ ಮನುಷ್ಯನಿಗೆ ಶಾಲಾ ದಾಖಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಒಂದು, ಗೆಳೆಯರು ಕರೆಯೋದು ಒಂದು!

ದೊಡ್ಡ ಯಂತ್ರಗಳಲ್ಲಿ ತಂತಿ ಎಳೆಯುವುದನ್ನೇ ಬಿಟ್ಟಿದ್ದಾರೆ. 1998ರ ಪಿಸಿಐ 2.2 ನಿಯಮಗಳಲ್ಲಿ ಸಂದೇಶದ ಇಂಟರಪ್ಟ್ ಬಂತು: ಸಾಧನವು ಗೊತ್ತಾದ ಒಂದು ವಿಳಾಸಕ್ಕೆ ಒಂದು ಅಂಕಿ ಬರೆದರೆ ಅದೇ ಸನ್ನೆ. ಇಲ್ಲಿ ಗುರುತಿನ ನಂಬರಿಗೆ ಬೆಲೆ ಹೆಚ್ಚು. ಪಿಸಿಐ ಸಾಧನದ ಗುರುತು 16 ಬಿಟ್ಟಿನದು: ಬಸ್ ಎಂಬ ದಾರಿಗೆ 8, ಆ ದಾರಿಯಲ್ಲಿನ ಸಾಧನಕ್ಕೆ 5, ಅದರೊಳಗಿನ ವಿಭಾಗಕ್ಕೆ 3. ಊರು, ಮನೆ, ಕೋಣೆ ಅಂದಂಗ. ಆರ್ಮ್ ಯಂತ್ರಗಳ ಐಟಿಎಸ್ ಎಂಬ ಭಾಗ ನಮ್ಮ ಅಂಚೆ ಕಚೇರಿ ಇದ್ದಂಗ. ಸಂದೇಶದೊಳಗಿನ ಅಂಕಿ ಏನು ಘಟನೆ ಎಂದಷ್ಟೇ ಹೇಳುತ್ತದೆ; ಕಳಿಸಿದವರ ಗುರುತು ಅಂಚೆ ಮುದ್ರೆಯಂತೆ ದಾರಿಯಲ್ಲಿ ಜೊತೆಗೂಡುತ್ತದೆ. ಐಟಿಎಸ್ ಎರಡನ್ನೂ ಹಿಡಿದು ಪಟ್ಟಿ ನೋಡಿ, 8192ರಿಂದ ಶುರುವಾಗುವ ಒಂದು ನಂಬರನ್ನೂ, ಯಾವ ಪ್ರೊಸೆಸರಿಗೆ ಕಳಿಸಬೇಕೆಂಬುದನ್ನೂ ಗೊತ್ತುಮಾಡುತ್ತದೆ.

ಒಂದೇ ಯಂತ್ರದಲ್ಲಿ ಎರಡು ಪಿಸಿಐ ಬೇರುಗಳಿದ್ದರೆ ಎರಡರಲ್ಲೂ ಒಂದೇ ಗುರುತಿನ ಸಾಧನ ಇರಬಹುದು. ಮತ್ತೆ ಅದೇ ಮೂರನೇ ತೂಬಿನ ಕಥೆ! ಅದಕ್ಕೆ ಡಿವೈಸ್ ಟ್ರೀಯಲ್ಲಿ ಎಂಎಸ್ಐ-ಮ್ಯಾಪ್ ಎಂಬ ಸಾಲು: ಇಂಥ ಬೇರಿನ ಇಷ್ಟರಿಂದ ಇಷ್ಟರವರೆಗಿನ ಗುರುತುಗಳನ್ನು ಐಟಿಎಸ್ ಇಷ್ಟರಿಂದ ಎಣಿಸಿಕೊಳ್ಳಲಿ ಎಂದು.

ಈ ಸಾಲು ತಪ್ಪಿದರೆ? ನನಗೆ ಎಲ್ಲಕ್ಕಿಂತ ಕೆಟ್ಟದ್ದೆನಿಸುವುದು ಇದು. ಪಟ್ಟಿಯಲ್ಲಿ ಇಲ್ಲದ ಗುರುತಿನಿಂದ ಬಂದ ಸಂದೇಶವನ್ನು ಐಟಿಎಸ್ ಸುಮ್ಮನೆ ಬಿಟ್ಟುಬಿಡುತ್ತದೆ. ಡಿಸ್ಕು ಕೆಲಸ ಮುಗಿಸಿ ಕೂಗಿರುತ್ತದೆ, ಡ್ರೈವರು ಅದರ ಕೂಗಿಗೆ ಕಾಯುತ್ತಾ ಕೂತಿರುತ್ತದೆ, ಇಬ್ಬರ ತಪ್ಪೂ ಇಲ್ಲ, ಯಂತ್ರ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ತಂತಿಯ ಕಾಲದಲ್ಲಿ ತೊಂದರೆ ತಿರುಗಾಮುರುಗಾ: ಕೂಗು ಬರ್ತಾನೇ ಇರ್ತದ, ನಂದು ಅನ್ನೋರು ಯಾರೂ ಇಲ್ಲ. ಒಂದು ತಂತಿಯಲ್ಲಿ 1,00,000 ಕೂಗುಗಳಲ್ಲಿ 99,900ಕ್ಕಿಂತ ಹೆಚ್ಚಿಗೆ ವಾರಸುದಾರರೇ ಸಿಗದಿದ್ದರೆ ಲಿನಕ್ಸ್ "ಯಾರೂ ಲಕ್ಷ್ಯ ಕೊಡಲಿಲ್ಲ" ಎಂಬ ಅರ್ಥದ ಇಂಗ್ಲಿಷ್ ಸಾಲು ಬರೆದು ಆ ತಂತಿಯನ್ನೇ ಬಂದ್ ಮಾಡುತ್ತದೆ. ಅದೇ ತಂತಿ ಹಂಚಿಕೊಂಡ ಒಳ್ಳೆಯ ಸಾಧನಕ್ಕೂ ಪೆಟ್ಟು.

ಲಿನಕ್ಸ್ ಇರುವ ಕಂಪ್ಯೂಟರ್ ಸಿಕ್ಕರೆ, ಪ್ರಾಕ್ ಎಂಬ ಫೋಲ್ಡರಿನಲ್ಲಿರುವ ಇಂಟರಪ್ಟ್ಸ್ ಎಂಬ ಕಡತ ತೆರೆದು ನೋಡ್ರಿ. ಎಡತುದಿಯಲ್ಲಿ ಲಿನಕ್ಸ್ ಕೊಟ್ಟ ನಂಬರು, ಆಮೇಲೆ ಪ್ರತಿ ಪ್ರೊಸೆಸರಿಗೆ ಎಷ್ಟು ಸಲ ಕೂಗು ಬಂತು ಎಂಬ ಲೆಕ್ಕ, ಬಲಕ್ಕೆ ಚಿಪ್ಪಿನ ಹೆಸರು, ಒಳನಂಬರು, ಕೊನೆಗೆ ಡ್ರೈವರಿನ ಹೆಸರು. ಹಳೇ ಗುಂಡು ಪಿನ್ನಿನ ಕೀಬೋರ್ಡ್ ಇದ್ದರೆ 1ನೇ ಸಾಲು ನೋಡಿ, ಒಂದು ಅಕ್ಷರದ ಗುಂಡಿ ಒತ್ತಿ ಬಿಟ್ಟು ಕಡತವನ್ನು ಮತ್ತೆ ತೆರೆಯಿರಿ, ಲೆಕ್ಕ ಏರಿರುತ್ತದೆ. ಒತ್ತಿದ್ದಕ್ಕೊಂದು, ಬಿಟ್ಟದ್ದಕ್ಕೊಂದು. ಯುಎಸ್‌ಬಿ ಕೀಬೋರ್ಡ್ ಆದರೆ 1 ಅಲುಗುವುದಿಲ್ಲ, ಯುಎಸ್‌ಬಿಯ ಸಾಲು ಏರ್ತದ. ಯಾಕಂದ್ರ ಅದು ಯುಎಸ್‌ಬಿ ಎಂಬ ದೊಡ್ಡ ಕಾಲುವೆಯೊಳಗಿನ ತೂಬು.