ಆಸ್ಪತ್ರೆಯಲ್ಲಿ ಅಂಟುವ ನಂಜು

ಕಾಯಿಲೆ ವಾಸಿಯಾಗಲೆಂದು ಆಸ್ಪತ್ರೆ ಸೇರಿದವರಿಗೆ ಅಲ್ಲಿಯೇ ಬೇರೊಂದು ಕಾಯಿಲೆ ಅಂಟಿಕೊಳ್ಳುವುದುಂಟು. ಶಸ್ತ್ರಕ್ರಿಯೆ ಸುಸೂತ್ರವಾಗಿ ಮುಗಿಯಿತೆಂದು ಮನೆಯವರು ನೆಮ್ಮದಿಗೊಳ್ಳುವಷ್ಟರಲ್ಲಿ ಗಾಯ ಕೀವುಗಟ್ಟುತ್ತದೆ, ಜ್ವರ ಏರುತ್ತದೆ. ಹಣೆಬರಹವೆಂದು ಸುಮ್ಮನಾಗುವವರೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯಂತೆ, ಶ್ರೀಮಂತ ದೇಶಗಳಲ್ಲಿ ಪ್ರತಿ 100 ಒಳರೋಗಿಗಳಲ್ಲಿ 7 ಮಂದಿಗೆ, ಬಡ ಹಾಗೂ ಮಧ್ಯಮ ವರಮಾನದ ದೇಶಗಳಲ್ಲಿ 15 ಮಂದಿಗೆ ಇಂತಹ ಸೋಂಕು ತಗಲುತ್ತದೆ. ಕೈಗಳ ಶುಚಿತ್ವವೇ ಮೊದಲಾದ ಅಗ್ಗದ ಕ್ರಮಗಳಿಂದ ಇವುಗಳಲ್ಲಿ ಶೇಕಡಾ 70ರವರೆಗೆ ತಡೆಯಬಹುದೆಂದೂ ಅದೇ ವರದಿ ಹೇಳುತ್ತದೆ. ಹಾಗಾದರೆ ಇದು ಹಣೆಬರಹವಲ್ಲ, ಕೈಬರಹವೆನ್ನಬೇಕು!

ಕೈಗಳ ಈ ಪಾತ್ರವನ್ನು ಮೊದಲು ಅಂಕಿ ಅಂಶಗಳೊಡನೆ ತೋರಿಸಿಕೊಟ್ಟವನು ಹಂಗೇರಿಯ ತರುಣ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್. 1846ರಲ್ಲಿ ಆತನು ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗವನ್ನು ಸೇರಿದನು. ಅಲ್ಲಿ ಎರಡು ವಾರ್ಡುಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು. ನಮ್ಮ ಹಿರಿಯರು ಬಾಣಂತಿ ನಂಜು ಎನ್ನುತ್ತಿದ್ದ ಜ್ವರಕ್ಕೆ ಆ ವರ್ಷ ಮೊದಲನೆಯ ವಾರ್ಡಿನಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಬಲಿಯಾದರೆ, ಸೂಲಗಿತ್ತಿಯರ ವಾರ್ಡಿನಲ್ಲಿ ಮೂವರೂ ಇಲ್ಲ. ಊರಿಗೆಲ್ಲ ಈ ಸಂಗತಿ ತಿಳಿದಿತ್ತು. ಮೊದಲನೆಯ ವಾರ್ಡಿಗೆ ಸೇರಿಸಬೇಡಿರೆಂದು ಗರ್ಭಿಣಿಯರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರಂತೆ.

1847ರಲ್ಲಿ ಆತನ ಸ್ನೇಹಿತರಾದ ಪ್ರಾಧ್ಯಾಪಕ ಕೊಲೆಚ್ಕಾ ಅವರಿಗೆ ಶವಪರೀಕ್ಷೆಯ ವೇಳೆ ಬೆರಳಿಗೆ ಚೂರಿ ತಾಗಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿಯರದೇ! ಸೆಮ್ಮೆಲ್‌ವೈಸನಿಗೆ ಮಿಂಚು ಹೊಳೆದಂತಾಯಿತು. ವಿದ್ಯಾರ್ಥಿಗಳು ಶವಾಗಾರದಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ, ಎಂದರೆ ಇಂದಿನ ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ, ಕೈ ತೊಳೆದೇ ಬರಬೇಕೆಂದು ಆತನು ಕಟ್ಟುನಿಟ್ಟು ಮಾಡಿದನು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ಕ್ಕೆ ಇಳಿಯಿತು.

ಆದರೂ ತಮ್ಮ ಕೈಯೇ ಸಾವನ್ನು ಹೊತ್ತು ತಂದಿತೆಂಬುದನ್ನು ಅಂದಿನ ದೊಡ್ಡ ವೈದ್ಯರಲ್ಲಿ ಅನೇಕರು ಒಪ್ಪಲಿಲ್ಲ. ಆತನ ಕೆಲಸವೂ ಮುಂದುವರಿಯಲಿಲ್ಲ. 1865ರಲ್ಲಿ, 47ರ ವಯಸ್ಸಿನಲ್ಲಿ, ಹುಚ್ಚಾಸ್ಪತ್ರೆಯೊಂದರಲ್ಲಿ ಗಾಯ ನಂಜೇರಿ ಆತನು ಮಡಿದನು.

ಇಂದು ಸೂಕ್ಷ್ಮಜೀವಿಗಳ ವಿಷಯ ಎಲ್ಲರಿಗೂ ಗೊತ್ತು. ಆದರೂ ಕೈ ತೊಳೆಯುವುದು ತಪ್ಪಿಹೋಗುತ್ತದೆ. ಅವಸರ ಒಂದು ಕಾರಣ, ಮರೆವು ಇನ್ನೊಂದು. ಅದರಲ್ಲಿ ನಮ್ಮ ಪಾಲೂ ಉಂಟು. ನಮ್ಮಲ್ಲಿ ರೋಗಿಯನ್ನು ನೋಡಲು ಬಂಧುಬಳಗವೆಲ್ಲ ಹೋಗುತ್ತದೆ. ಹೋಗದಿದ್ದರೆ ಏನೆಂದುಕೊಂಡಾರು ಎಂಬ ಅಂಜಿಕೆ ಬೇರೆ. ಹೋದವರು ಹಾಸಿಗೆಯ ಮೇಲೆಯೇ ಕುಳಿತು, ಪಕ್ಕದ ರೋಗಿಯನ್ನೂ ಮುಟ್ಟಿ ಮಾತನಾಡಿಸಿ, ಅದೇ ಕೈಯಿಂದ ಹಣ್ಣು ಸುಲಿದು ಕೊಡುತ್ತಾರೆ. ಪ್ರೀತಿಯೇನೋ ನಿಜ. ಆದರೆ ನೆಗಡಿ, ಕೆಮ್ಮು, ಜ್ವರ ಇದ್ದವರು ಮನೆಯಲ್ಲಿಯೇ ಉಳಿಯುವುದು ರೋಗಿಗೆ ಮಾಡುವ ದೊಡ್ಡ ಉಪಕಾರ. ಹೋಗುವವರು ಒಳಗೆ ಕಾಲಿಡುವಾಗ, ಹೊರಗೆ ಬರುವಾಗ ಎರಡು ಸಲವೂ ಸಾಬೂನಿನಿಂದ ಕೈ ತೊಳೆಯಬೇಕು. ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಸೇರಿ 40ರಿಂದ 60 ಸೆಕೆಂಡು ಬೇಕಾಗುತ್ತದೆ. ಗೋಡೆಗೆ ತೂಗುಹಾಕಿರುವ ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು ಸಾಕು. ಕೈಯಲ್ಲಿ ಕೊಳೆ ಕಾಣುತ್ತಿದ್ದರೆ ಮಾತ್ರ ನೀರು, ಸಾಬೂನೇ ಆಗಬೇಕು.

ರಾತ್ರಿ ಜೊತೆಗಿರುವವರು ಇನ್ನೂ ಕೆಲವನ್ನು ಗಮನಿಸಬಹುದು. ಮೂತ್ರದ ನಳಿಕೆಯ ಚೀಲ ರೋಗಿಯ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಡ್ರಿಪ್ ಸೂಜಿ ಹಾಕಿದ ಜಾಗ ಕೆಂಪಾಗಿ ಊದಿಕೊಂಡರೆ ಆಗಲೇ ನರ್ಸ್ ಅಮ್ಮನವರಿಗೆ ತಿಳಿಸಬೇಕು. ನಳಿಕೆ, ಸೂಜಿಗಳು ದೇಹದಲ್ಲಿ ಹೆಚ್ಚು ದಿನ ಉಳಿದಷ್ಟೂ ಅಪಾಯ ಹೆಚ್ಚು. ಆದ್ದರಿಂದ ‘ಇದು ಇನ್ನೂ ಬೇಕೇ?’ ಎಂದು ದಿನವೂ ವಿಚಾರಿಸುವುದರಲ್ಲಿ ತಪ್ಪಿಲ್ಲ. ಶಸ್ತ್ರಕ್ರಿಯೆಗೆ ಮುಂಚೆ ಮನೆಯಲ್ಲಿಯೇ ಬ್ಲೇಡಿನಿಂದ ಕೂದಲು ಬೋಳಿಸಿಕೊಂಡು ಹೋಗುವುದು ಬೇಡ. ಕಣ್ಣಿಗೆ ಕಾಣದ ಗೀರುಗಳೇ ಸೋಂಕಿಗೆ ಬಾಗಿಲು.

ವೈದ್ಯರನ್ನು ಕೇಳುವುದೆಂದರೆ ನಮ್ಮ ಹಿರಿಯರಿಗೆ ಸಂಕೋಚ. ‘ಡಾಕ್ಟರೇ, ಕೈ ತೊಳೆದುಕೊಂಡಿರಾ?’ ಎಂಬ ಮಾತು ಉದ್ಧಟತನವಲ್ಲ. ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ನಕ್ಕು ನಲ್ಲಿಯ ಕಡೆಗೆ ತಿರುಗುತ್ತಾರೆ.

ಮನೆಗೆ ಕಳುಹಿಸಿದರೆಂದು ಕೆಲಸ ಮುಗಿಯಲಿಲ್ಲ. ಶಸ್ತ್ರಕ್ರಿಯೆಯ ಗಾಯಕ್ಕೆ 30 ದಿನಗಳೊಳಗೆ ಎಂದಾದರೂ ಸೋಂಕು ಕಾಣಿಸಿಕೊಳ್ಳಬಹುದು. ಗಾಯ ಕೆಂಪಾದರೆ, ಸೋರಿದರೆ, ಜ್ವರ ಬಂದರೆ ಔಷಧದ ಅಂಗಡಿಯಿಂದ ಮಾತ್ರೆ ತಂದು ನುಂಗದೆ, ಶಸ್ತ್ರಕ್ರಿಯೆ ಮಾಡಿದ ವೈದ್ಯರಲ್ಲಿಗೇ ಅದೇ ದಿನ ಹೋಗಬೇಕು.